ತಂಗಳ ಬಿಸಲು: ಬೆಳಕಿಂಡಿ ಪ್ರಯೋಗ, ನಾಲ್ಕನೇ ವಾರ

ಚೆಂಡು, ಟಾರ್ಚು ಹಿಡಿದು ಸೂರ್ಯ–ಭೂಮಿ ತೋರಿಸುವ ಯೋಜನೆ ಮೊದಲ ದಿನವೇ ಕೆಟ್ಟಿತು. ಓಣಿಯ ಐದೂ ಹುಡುಗರಿಗೆ ಬೇಕಾಗಿದ್ದು ಟಾರ್ಚು ಮಾತ್ರ.

ಧಾರವಾಡದ ನಮ್ಮ ಮಾಳಿಗೆ ಮನೆಯ ಪಡಸಾಲೆಗೆ ಹತ್ತು ಅಡಿ ಮೇಲೊಂದು ಬೆಳಕಿಂಡಿ ಇದೆ. ಅದಕ್ಕೆ ರಟ್ಟು ಹಾಕಿ ಅರ್ಧ ಸೆಂಟಿಮೀಟರಿನ ಚೌಕ ತೂತು ಕೊರೆದೆ. ನೆಲಕ್ಕೆ ಬಿದ್ದದ್ದು ಮಾತ್ರ ಮೂರು ಸೆಂಟಿಮೀಟರಿನ ದುಂಡನೆ ಬಿಲ್ಲೆ! ತ್ರಿಕೋನ ಕೊರೆದರೂ ದುಂಡಗೇ. ಅದು ತೂತಿನ ಆಕಾರ ಅಲ್ಲ, ಸೂರ್ಯನದೇ ಚಿತ್ರ. ಮೇಲೆ ನೋಡಿದರೆ ಕಣ್ಣು ಹೋಗುತ್ತದೆ, ಕೆಳಗೆ ಎಷ್ಟು ಬೇಕಾದರೂ ನೋಡ್ರಿ ಅಂದೆ. ಹುಣಸೆಮರದ ನೆರಳಿನ ಬಿಲ್ಲೆಗಳೂ ಇವೇ ಅಂತ ಅವರೇ ಆಮೇಲೆ ಕಂಡುಹಿಡಿದರು.

ಮಧ್ಯಾಹ್ನ ಬಿಲ್ಲೆ ನಿಮಿಷಕ್ಕೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಪೂರ್ವಕ್ಕೆ ಸರಿಯುತ್ತದೆ. ಅದರ ದಾರಿಯಲ್ಲಿ ಶೇಂಗಾ ಕಾಳು ಇಟ್ಟು ಕಾಯುವುದೇ ಈಗ ಆಟ. ಬಿಲ್ಲೆ ಮುಟ್ಟಿದ ಕಾಳು ಇಟ್ಟವರಿಗೆ. ಭೂಮಿ ತಿರುಗುತ್ತದೆ ಅಂತ ನಾನು ಇನ್ನೂ ಹೇಳಿಲ್ಲ, ಅವಸರವೇನಿಲ್ಲ.

ಸೂರ್ಯ 15 ಕೋಟಿ ಕಿಲೋಮೀಟರ್ ದೂರ ಅಂದರೆ ಅವರಿಗೂ ಅಷ್ಟೇ, ನನಗೂ ಅಷ್ಟೇ. ಅದಕ್ಕೆ ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಹಿಡಿಯುವ 8 ನಿಮಿಷ 20 ಸೆಕೆಂಡಿಗೆ ಮೊಬೈಲಿನಲ್ಲಿ ಗಂಟೆ ಇಟ್ಟು, "ಈಗ ಸೂರ್ಯನ ಮನಿ ಬಿಟ್ಟಿತು" ಅಂದೆ. ಒಂದು ಬಟ್ಟಲು ಶೇಂಗಾ ಸುಲಿದೆವು. ಗಂಟೆ ಬಾರಿಸಿತು, "ಈಗ ಬಂತು". ಆರು ವರ್ಷದ ತಮ್ಮನ ಮಗಳು ಬಿಲ್ಲೆಯ ಮೇಲೆ ಅಂಗೈ ಇಟ್ಟು, "ಹಂಗಾದ್ರ ಇದು ತಂಗಳ ಬಿಸಲೇನ್ರಿ ದೊಡ್ಡಪ್ಪ?" ಅಂದಳು. ತಂಗಳ ರೊಟ್ಟಿ ತಿಂದ ಮನೆಯ ಕೂಸು. ನಾನು ಇಷ್ಟು ಚೆಂದ ಹೇಳುತ್ತಿರಲಿಲ್ಲ.

ಲೆಕ್ಕ: ಗೌಂಡಿಯಿಂದ ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡು ಇಸಿದುಕೊಂಡು ತೂತಿನ ನೇರ ಕೆಳಗೆ ಸುಣ್ಣದ ಗುರುತು ಹಾಕಿದ್ದೇನೆ. ನಮ್ಮಲ್ಲಿ ಸೂರ್ಯ ದಿನದ ಅತಿ ಎತ್ತರಕ್ಕೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆ ಸುಮಾರಿಗೆ. ಗಡಿಯಾರ ನಮಗಿಂತ ಪೂರ್ವದ ಊರುಗಳ ಲೆಕ್ಕದ್ದು. ಆ ಹೊತ್ತಿಗೆ ಬಿಲ್ಲೆ ಗುರುತಿನಿಂದ ಬಡಗಣಕ್ಕೆ ಏಪ್ರಿಲ್ 13ರಂದು 34 ಸೆಂಟಿಮೀಟರ್, 20ರಂದು 21, ಇವತ್ತು 27ಕ್ಕೆ ಬರೀ 9.

ಮೇ 2 ಅಥವಾ 3ಕ್ಕೆ ಗುರುತಿನ ಮೇಲೇ ಕೂಡಬೇಕು. ಅಂದು ಸೂರ್ಯ ನೇರ ನೆತ್ತಿಯ ಮೇಲೆ, ಆ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೂ ನೆರಳಿಲ್ಲ. ಮಾಳಿಗೆ ಮೇಲೆ ಕೋಲು ನೆಡುವ ಕೆಲಸ ಹುಡುಗರು ಹಂಚಿಕೊಂಡಿದ್ದಾರೆ, ಜಗಳ ಸಹಿತ. ಅವ್ವನದು ಒಂದೇ ಕರಾರು: ಅಡ್ಡಮಳಿ ಬಂತಂದ್ರ ರಟ್ಟು ಕಿತ್ತು ತಗಡು ಮುಚ್ಚೂದು.