ಕ್ಯಾಮೆರಾ ಇಲ್ಲದೆ ಹೋಗುವ ದಿನ

ಕೋಲಾರದಲ್ಲಿದ್ದುಕೊಂಡು ನಮ್ಮ ಕಡೆಯ ಅಡುಗೆಗಳ ಬಗ್ಗೆ ಯೂಟ್ಯೂಬ್ ಸರಣಿ ಮಾಡುವುದು ನನ್ನ ಕೆಲಸ. ನಮ್ಮದು ಮೂರೇ ಜನರ ತಂಡ. ಒಬ್ಬ ಕ್ಯಾಮೆರಾ ನೋಡಿಕೊಳ್ಳುತ್ತಾನೆ, ಒಬ್ಬಳು ಎಡಿಟ್ ಮಾಡುತ್ತಾಳೆ, ಮಿಕ್ಕಿದ್ದೆಲ್ಲ ನನ್ನದು. ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು ಯಾವ ಕ್ಯಾಮೆರಾ ತಗೋಬೇಕು ಅಂತ. ನಾನು ಹೇಳುವುದು ಬೇರೆ. ಶೂಟಿಂಗ್‌ಗೆ ಮುಂಚೆ ಒಂದು ದಿನ ಬರಿಗೈಯಲ್ಲಿ ಆ ಅಡುಗೆಮನೆಗೆ ಹೋಗಿ. ಅಡುಗೆ ಆಗುವುದನ್ನು ಮೊದಲಿಂದ ಕೊನೆವರೆಗೆ ನೋಡಿ, ಊಟ ಮಾಡಿಕೊಂಡು ಬನ್ನಿ. ಸಂಚಿಕೆ ಹುಟ್ಟುವುದು ಆ ದಿನವೇ.

ಅಡುಗೆಯಲ್ಲಿ ಕೆಲವು ಗಳಿಗೆ ಮತ್ತೆ ಬರುವುದಿಲ್ಲ, ಅದಕ್ಕೇ ಹೀಗೆ ಹೇಳುತ್ತೇನೆ. ಮುದ್ದೆಯನ್ನೇ ನೋಡಿ. ನೀರು ಕುದಿಯುವಾಗ ಬೇಕಾದಷ್ಟು ಪುರುಸೊತ್ತು ಇರುತ್ತದೆ. ರಾಗಿ ಹಿಟ್ಟು ಹಾಕಿ ಬೇಯಲು ಬಿಟ್ಟಾಗಲೂ ಇರುತ್ತದೆ. ಕೋಲು ಹಾಕಿ ತೊಳಸಲು ಶುರು ಮಾಡಿದ ಮೇಲೆ ಮಾತ್ರ ಯಾರಿಗೂ ಕಾಯುವ ಹಾಗಿಲ್ಲ. ‘ಅಮ್ಮಾ, ಒಂದ್ನಿಮಿಷ ನಿಲ್ಲಿಸಿ, ಈ ಕಡೆಯಿಂದ ಒಂದು ಶಾಟ್ ತಗೋತೀವಿ’ ಅಂದರೆ ಮುದ್ದೆ ಗಂಟಾಗುತ್ತದೆ. ಹಾಗಾಗಿ ಅಲ್ಲಿ ನಾವು ಎರಡು ಕ್ಯಾಮೆರಾ ಇಡುತ್ತೇವೆ. ಒಂದು ಪಾತ್ರೆಯ ಕಡೆಗೆ, ಇನ್ನೊಂದು ತೊಳಸುವವರ ಭುಜದ ಕಡೆಗೆ. ಮುದ್ದೆಯ ಶ್ರಮ ಕಾಣುವುದು ಭುಜದಲ್ಲೇ. ಒಗ್ಗರಣೆಯೂ ಹಾಗೇ. ಸಾಸಿವೆ ಸಿಡಿಯುವ ಸದ್ದು ಕೆಲವೇ ಕ್ಷಣ. ಅಷ್ಟರಲ್ಲಿ ಫ್ಯಾನ್ ಆರಿಸಿರಬೇಕು, ಪಕ್ಕದ ಕೋಣೆಯ ಟಿವಿ ನಿಂತಿರಬೇಕು, ಮೈಕ್ ಬಾಣಲೆಯ ಹತ್ತಿರ ಇರಬೇಕು. ಇದೆಲ್ಲ ಹಿಂದಿನ ಭೇಟಿಯಲ್ಲಿ ನೋಡಿಕೊಂಡಿದ್ದರೆ ಮಾತ್ರ ಆಗುವ ಕೆಲಸ.

ಅಳತೆಯದು ಇನ್ನೂ ದೊಡ್ಡ ವಿಷಯ. ನಮ್ಮ ಕಡೆ ದಶಕಗಳಿಂದ ಅಡುಗೆ ಮಾಡುವವರು ಚಮಚ ಹಿಡಿದು ಅಳೆಯುವುದಿಲ್ಲ. ಹುಣಸೆಹಣ್ಣು ಎಷ್ಟು ಅಂದರೆ ‘ಇಷ್ಟು ಸಾಕು’ ಅಂತ ಬೆರಳು ಮಡಚಿ ತೋರಿಸುತ್ತಾರೆ. ಮನೆಯಲ್ಲಿ ನೋಡಿ ಮಾಡುವವರಿಗೆ ಅದು ಸಾಲದು. ಹಾಗಂತ ಅವರ ಕೈಗೆ ಚಮಚ ಕೊಡಬಾರದು. ಕೊಟ್ಟರೆ ಕೈ ತಡವರಿಸುತ್ತದೆ, ರುಚಿಯೂ ಕೆಡುತ್ತದೆ. ನಾವು ಮಾಡುವುದು ಇಷ್ಟೇ: ಖಾರದಪುಡಿ ಡಬ್ಬ, ತುರಿದ ಕಾಯಿಯ ತಟ್ಟೆ, ಉಪ್ಪಿನ ಭರಣಿ, ಎಲ್ಲವನ್ನೂ ಮೊದಲೇ ತೂಕ ಮಾಡಿ ಇಡುತ್ತೇವೆ. ಅವರು ತಮ್ಮ ಪಾಡಿಗೆ ಕೈಯಲ್ಲಿ ತೆಗೆದು ಹಾಕುತ್ತಾರೆ. ಅಡುಗೆ ಮುಗಿದ ಮೇಲೆ ಮತ್ತೆ ತೂಗುತ್ತೇವೆ. ಕಡಿಮೆಯಾದದ್ದೇ ಅಳತೆ. ಭೇಟಿಯ ದಿನ ಒಂದು ಸಲ, ಶೂಟಿಂಗ್ ದಿನ ಇನ್ನೊಂದು ಸಲ ತೂಗಿ ಹೋಲಿಸಿದರೆ ಆ ಕೈಯ ಲೆಕ್ಕ ಎಷ್ಟು ಕರಾರುವಾಕ್ಕು ಅಂತ ಗೊತ್ತಾಗುತ್ತದೆ. ನನಗಂತೂ ಆ ಕೈಗಳ ಮೇಲೆ ಗೌರವ ಬೆಳೆಯುತ್ತಲೇ ಇದೆ.

ಕಾಲವನ್ನೂ ನೋಡಿಕೊಳ್ಳಬೇಕು. ಅವರೆಕಾಯಿ ಅಂದರೆ ಡಿಸೆಂಬರ್, ಜನವರಿ. ಆ ಚಳಿಯಲ್ಲಿ ಬರುವ ಸೊಗಡಿನ ಕಾಯಿ ಇಲ್ಲದೆ ಹಿತಕಿದ ಬೇಳೆ ಸಾರಿನ ಸಂಚಿಕೆ ಮಾಡಲು ನಾನು ಒಪ್ಪುವುದಿಲ್ಲ. ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೂ ಹಿತುಕಿ ಸಿಪ್ಪೆ ತೆಗೆಯಬೇಕು. ವಿಡಿಯೊದಲ್ಲಿ ಇದಕ್ಕೆ ಹತ್ತು ಸೆಕೆಂಡು ಸಿಗಬಹುದು. ಆದರೆ ಆ ಕೆಲಸಕ್ಕೆ ಮನೆಮಂದಿಯೆಲ್ಲ ಪಾತ್ರೆಯ ಸುತ್ತ ಕೂರುತ್ತಾರೆ. ಸಾರಿನ ನಿಜವಾದ ಗುಟ್ಟುಗಳು ಹೊರಗೆ ಬರುವುದು ಆ ಹರಟೆಯಲ್ಲೇ. ಅತ್ತೆ ಒಂದು ಹೇಳುತ್ತಾರೆ, ಸೊಸೆ ಇನ್ನೊಂದು ಹೇಳುತ್ತಾಳೆ. ರೆಕಾರ್ಡಿಂಗ್ ನಿಲ್ಲಿಸಬೇಡಿ.

ಇಲ್ಲಿ ಭಾಷೆಯ ಮಾತೂ ಬರುತ್ತದೆ. ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಓಡಾಡುತ್ತವೆ. ಕ್ಯಾಮೆರಾ ಕಂಡ ತಕ್ಷಣ ಹಲವರು ಪಾಠ ಒಪ್ಪಿಸುವಂತೆ ಪುಸ್ತಕದ ಕನ್ನಡ ಶುರು ಮಾಡುತ್ತಾರೆ. ಆಗ ಮುಖದ ಕಳೆಯೇ ಹೋಗುತ್ತದೆ. ‘ಅಕ್ಕಾ, ಮನೇಲಿ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡಿ’ ಅನ್ನುತ್ತೇವೆ. ತೆಲುಗು ಬಂದ ಕಡೆ ಕೆಳಗೆ ಕನ್ನಡದ ಸಾಲು ಹಾಕಿದರೆ ಆಯಿತು. ಹಿಂದಿನ ದಿನ ಜೊತೆಯಲ್ಲಿ ಊಟ ಮಾಡಿರುವುದು ಇದಕ್ಕೂ ಸಹಾಯಕ್ಕೆ ಬರುತ್ತದೆ. ಅಪರಿಚಿತರ ಮುಂದೆ ಯಾರಿಗೆ ಸಲೀಸಾಗಿ ಮಾತು ಬರುತ್ತದೆ, ಅಲ್ವಾ?

ಬೆಳಕಿನ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಕರೆಂಟು 50 ಹರ್ಟ್ಜ್. ಸೆಕೆಂಡಿಗೆ 25 ಫ್ರೇಮ್ ಇಟ್ಟು, ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ನಿಲ್ಲಿಸಿದರೆ ಟ್ಯೂಬ್‌ಲೈಟಿನ ಮಿನುಗು ಸಾಮಾನ್ಯವಾಗಿ ಕಾಣುವುದಿಲ್ಲ. ಚಳಿಗಾಲದ ಬೆಳಗ್ಗೆ ತಣ್ಣಗಿರುವ ಲೆನ್ಸನ್ನು ನೇರವಾಗಿ ಹಬೆಯ ಮುಂದೆ ಹಿಡಿದರೆ ಮಂಜು ಕಟ್ಟುತ್ತದೆ. ಸ್ವಲ್ಪ ಹೊತ್ತು ಮುಂಚೆಯೇ ಅಡುಗೆಮನೆಯಲ್ಲಿ ಇಟ್ಟಿರಿ. ಹಬೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಬಂಗಾರಪೇಟೆ ಪಾನಿಪುರಿಗೂ ಇದೇ ಉಪಾಯ. ಅದರ ಪಾನಿಗೆ ಬಣ್ಣವೇ ಇಲ್ಲ, ನೀರಿನ ಹಾಗೆ ತಿಳಿ. ಎದುರಿನಿಂದ ಬೆಳಕು ಬಿಟ್ಟರೆ ಪುರಿ ಖಾಲಿ ಇದ್ದಂತೆ ಕಾಣುತ್ತದೆ. ಬೆಳಕು ಹಿಂದಿನಿಂದ ಬಂದರೆ ತುಂಬಿ ತುಳುಕುವ ಪಾನಿ ಹೊಳೆಯುತ್ತದೆ.

ದುಡ್ಡಿನ ಮಾತನ್ನು ಮುಚ್ಚಿಡಬಾರದು. ಮನೆಯವರು ಅಡುಗೆ ಮಾಡಿಕೊಟ್ಟರೆ ಸಾಮಾನಿನ ಖರ್ಚಿನ ಜೊತೆ ಅವರ ದಿನದ ಕೂಲಿಯನ್ನೂ ಕೊಡಬೇಕು. ‘ವಿಡಿಯೊದಲ್ಲಿ ಬರ್ತೀರಲ್ಲ, ಸಾಕಲ್ವಾ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ದಿನ ಒಲೆಯ ಮುಂದೆ ನಿಲ್ಲುವುದು ದುಡಿಮೆ. ಹೋಟೆಲಿನವರೇ ನಮಗೆ ದುಡ್ಡು ಕೊಟ್ಟು ಮಾಡಿಸಿದ ವಿಡಿಯೊ ಆದರೆ ಅದು ಜಾಹೀರಾತು ಅಂತ ನೋಡುವವರಿಗೆ ಕಾಣುವ ಹಾಗೆ ಹಾಕಬೇಕು. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿದೆ.

ಎಡಿಟ್ ಮುಗಿದ ಮೇಲೆ ಮೊದಲು ನೋಡಬೇಕಾದವರು ಅಡುಗೆ ಮಾಡಿದವರು. ಅವರ ಕಣ್ಣಿಗೆ ಬೀಳುವುದೇ ಬೇರೆ. ಎಡಿಟಿನಲ್ಲಿ ಬಣ್ಣ ಸ್ವಲ್ಪ ಏರಿಸಿದರೆ ಸಾರು ಕೆಂಪಗೆ ಚೆನ್ನಾಗಿ ಕಾಣುತ್ತದೆ, ಎಲ್ಲರೂ ಏರಿಸುತ್ತಾರೆ. ‘ನಾನು ಇಷ್ಟು ಖಾರ ಹಾಕಿಲ್ಲ ಕಣಪ್ಪ, ಜನ ಇದನ್ನ ನೋಡಿ ಜಾಸ್ತಿ ಹಾಕ್ಬಿಡ್ತಾರೆ’ ಅಂತ ಒಬ್ಬ ಅಜ್ಜಿ ಹೇಳಿದರು. ಎಷ್ಟು ಸರಿಯಾದ ಮಾತು. ಬಣ್ಣ ನೋಡಿಯೇ ತಾನೇ ಎಲ್ಲರೂ ಖಾರ ಅಂದಾಜು ಮಾಡುವುದು. ಅವತ್ತಿನಿಂದ ಪ್ರತಿ ಶೂಟಿಂಗಿನಲ್ಲಿ ಸಾರಿನ ಪಕ್ಕ ಒಂದು ಬಿಳಿ ತಟ್ಟೆ ಇಟ್ಟು ಒಂದು ಶಾಟ್ ತೆಗೆಯುತ್ತೇವೆ. ಎಡಿಟಿನಲ್ಲಿ ಆ ತಟ್ಟೆ ಬೆಳ್ಳಗೆ ಬರುವವರೆಗೆ ಬಣ್ಣ ಸರಿ ಮಾಡಿ, ಮನೆಯವರಿಗೆ ಫೋನಿನಲ್ಲಿ ಕಳಿಸಿ, ಅವರು ಹೂಂ ಅಂದ ಮೇಲೆ ಅಪ್‌ಲೋಡ್ ಮಾಡುತ್ತೇವೆ.