ಫುಟ್ಬಾಲ್ ಆಡಿದರೆ ಹುಡುಗ ಪೋಕ್ರಿ ಆಗುತ್ತಾನಾ?

ಈ ಪ್ರಶ್ನೆ ಬಾರದ ವಾರವಿಲ್ಲ. ದುಬೈಯಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಬಂದ ಮೇಲೆ ನಾನು ಬದಿಯಡ್ಕದ ಹತ್ತಿರ ಸಂಜೆ ಹೊತ್ತು ಮಕ್ಕಳಿಗೆ ಫುಟ್ಬಾಲ್ ಹೇಳಿಕೊಡುತ್ತಿದ್ದೇನೆ. ಶನಿವಾರ, ಕೈಯಲ್ಲಿ ಹಿಡಿದು ಓಡುವ ರಗ್ಬಿ ಚೆಂಡೂ ಹೊರಗೆ ಬರುತ್ತದೆ. ಎದುರಿನವನನ್ನು ಕೆಡಹುವ ಆಟ ಅಲ್ಲ, ಕೈಯಲ್ಲಿ ಮುಟ್ಟಿದರೆ ಸಾಕು ಎನ್ನುವ ಟಚ್ ರಗ್ಬಿ. ಮಗನನ್ನು ಬೈಕಿನಲ್ಲಿ ಬಿಡಲು ಬಂದ ಅಪ್ಪ ಸ್ವಲ್ಪ ಹೊತ್ತು ನಿಂತು ನೋಡುತ್ತಾರೆ. ಆಮೇಲೆ ಹತ್ತಿರ ಬರುತ್ತಾರೆ. "ಮಾಷ್ಟ್ರೇ, ಈ ರಗ್ಬಿಯವರು ಭಾರೀ ಮರ್ಯಾದಸ್ಥರಂತೆ. ಫುಟ್ಬಾಲಿನವರದ್ದು ಬರೀ ಕುಡಿತ, ಗಲಾಟೆ ಅಂತ ಹೇಳ್ತಾರೆ. ಹೌದಾ? ಇವನನ್ನು ಯಾವುದಕ್ಕೆ ಹಾಕುವುದು?"

ಗ್ರೌಂಡಿನ ಬದಿಯಲ್ಲಿ ನಿಂತು ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಈ ಮಾತು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಫುಟ್ಬಾಲ್ ಅಂದರೆ ಪೋಕ್ರಿಗಳು ಆಡುವ ಸಭ್ಯರ ಆಟ, ರಗ್ಬಿ ಅಂದರೆ ಸಭ್ಯರು ಆಡುವ ಪೋಕ್ರಿ ಆಟ ಎಂದು ಅಲ್ಲಿ ಹಳೇ ಕಾಲದಿಂದ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ 1863ರಲ್ಲಿ ಲಂಡನ್ನಿನಲ್ಲಿ ಫುಟ್ಬಾಲಿನ ನಿಯಮ ಬರೆಯಲು ಕೂತಾಗ ಜಗಳವಾದದ್ದು ಯಾಕೆ ಗೊತ್ತಾ? ಎದುರಾಳಿಯ ಕಣಕಾಲಿಗೆ ಒದೆಯಬಹುದೋ ಬಾರದೋ ಎಂದು. ಚೆಂಡು ಹಿಡಿದು ಓಡುವುದೂ ಇರಲಿ, ಒದೆಯುವುದೂ ಇರಲಿ ಎಂದು ಹಟ ಹಿಡಿದವರು ಎದ್ದು ಹೋದರು. ರಗ್ಬಿ ಬೆಳೆದದ್ದು ಆ ಕಡೆಯಿಂದ. 1871ರಲ್ಲಿ ಅವರದ್ದೇ ಸಂಸ್ಥೆ ಆಯಿತು, ಆಮೇಲೆ ಅವರೂ ಒದೆತ ನಿಲ್ಲಿಸಿದರು.

ಮುಂದೆ ಫುಟ್ಬಾಲ್ ಗಿರಣಿ ಕೆಲಸದವರ, ಬಂದರು ಕೆಲಸದವರ ಆಟವಾಯಿತು. 1885ರಲ್ಲೇ ಆಟಗಾರರಿಗೆ ಸಂಬಳ ಕೊಡಬಹುದು ಎಂದಾಯಿತು. ರಗ್ಬಿ ದೊಡ್ಡ ಶಾಲೆಗಳಲ್ಲಿ ಓದಿದವರ ಕೈಯಲ್ಲಿ ಉಳಿಯಿತು. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು, ಆಟಕ್ಕೆ ಬಂದು ಕೂಲಿ ತಪ್ಪಿದವರಿಗೆ ಆ ಕೂಲಿಯನ್ನಾದರೂ ಕೊಡೋಣ ಎಂದವು. ರಗ್ಬಿ ಸಂಸ್ಥೆಯವರು ಆಗುವುದಿಲ್ಲ ಎಂದರು. ಆಟ ಎರಡು ಹೋಳಾಯಿತು. ದೊಡ್ಡವರ ಹೋಳಿನಲ್ಲಿ ಸಂಬಳಕ್ಕೆ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ, ನೂರು ವರ್ಷ ಕಳೆದು. ವೇಲ್ಸಿನಲ್ಲಿ ಗಣಿ ಕೆಲಸದವರೂ ರಗ್ಬಿ ಆಡುತ್ತಿದ್ದರು, ಅದು ಬೇರೆ ಕಥೆ. ಆದರೆ 'ಸಭ್ಯ' ಎಂಬ ಆ ಮಾತು ನಡತೆ ನೋಡಿ ಹೇಳಿದ್ದಲ್ಲ, ಮನೆತನ ನೋಡಿ ಹೇಳಿದ್ದು. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮಗ ಎಂದು ಕೇಳಿದ ಮೇಲೆ ತಾನೇ ಹುಡುಗ ಹೇಗೆ ಎಂದು ತೀರ್ಮಾನಿಸುವುದು?

ಹಾಗಾದರೆ ಗ್ರೌಂಡಿನ ಹೊರಗೆ ರಗ್ಬಿಯವರು ಹೇಗೆ? ಒಂದು ಕಪ್ಪಿನ ಕಥೆ ಹೇಳುತ್ತೇನೆ.

1870ರ ದಶಕದಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷರ ಒಂದು ರಗ್ಬಿ ಕ್ಲಬ್ ಇತ್ತು. ಅದು ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆದು, ಕರಗಿಸಿ, ಕಪ್ ಮಾಡಿಸಿ ಇಂಗ್ಲೆಂಡಿಗೆ ಕೊಟ್ಟರು. ಅದರ ಹಿಡಿಕೆಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಕಲ್ಕತ್ತಾ ಕಪ್ ಎಂದೇ ಹೆಸರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದಕ್ಕಾಗಿ ಆಡುತ್ತಿವೆ. 1988ರಲ್ಲಿ ಆಟ ಮುಗಿದ ರಾತ್ರಿ ಎರಡೂ ಕಡೆಯ ಆಟಗಾರರು ಒಟ್ಟಿಗೆ ಕುಡಿದರು. ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಮತ್ತು ಸ್ಕಾಟ್ಲೆಂಡಿನ ಜಾನ್ ಜೆಫ್ರಿ ಆ ಕಪ್ಪನ್ನು ಎತ್ತಿಕೊಂಡು ಎಡಿನ್‌ಬರೋ ಪೇಟೆಯ ಬೀದಿಗೆ ಇಳಿದರು. ಚೆಂಡಿನ ಹಾಗೆ ಒದ್ದು ಆಡಿ ನಜ್ಜುಗುಜ್ಜು ಮಾಡಿದರು. ಆಗ ರಿಚರ್ಡ್ಸ್ ಪೊಲೀಸ್ ಕೆಲಸದಲ್ಲಿದ್ದರು, ಜೆಫ್ರಿ ಬೇಸಾಯ ಮಾಡುತ್ತಿದ್ದರು. ಇಬ್ಬರಿಗೂ ಆಟದಿಂದ ಸ್ವಲ್ಪ ಸಮಯ ಹೊರಗಿರುವ ಶಿಕ್ಷೆ ಆಯಿತು. ಇವತ್ತಿಗೂ ಇದನ್ನು ತಮಾಷೆಯ ನೆನಪಾಗಿ ಹೇಳುವವರೇ ಜಾಸ್ತಿ. ಕುಡಿದ ಇಬ್ಬರು ಫುಟ್ಬಾಲ್ ಆಟಗಾರರು ನೂರು ವರ್ಷ ಹಳೆಯ ಕಪ್ಪನ್ನು ಬೀದಿಯಲ್ಲಿ ಒದ್ದಿದ್ದರೆ ತಮಾಷೆ ಅನ್ನುತ್ತಿದ್ದರಾ? ನನಗೆ ಸಿಟ್ಟು ಬರುವುದು ಇಲ್ಲಿ.

2011ರ ವಿಶ್ವಕಪ್ಪಿಗೆ ನ್ಯೂಜಿಲೆಂಡಿಗೆ ಹೋದ ಇಂಗ್ಲೆಂಡ್ ರಗ್ಬಿ ತಂಡದವರೂ ಬಾರಿನ ರಾತ್ರಿಯಿಂದ ಸುದ್ದಿಯಾದರು. ಒಬ್ಬ ಆಟಗಾರನಂತೂ ಆಕ್ಲೆಂಡಿನಲ್ಲಿ ದೋಣಿ ದಡ ಮುಟ್ಟುವ ಮೊದಲೇ ನೀರಿಗೆ ಹಾರಿದ. ಅವನು ದಂಡ ಕಟ್ಟಬೇಕಾಯಿತು. ಪ್ರವಾಸದಲ್ಲಿ ಆದದ್ದು ಪ್ರವಾಸದಲ್ಲೇ ಇರಲಿ ಎಂಬ ಮಾತು ರಗ್ಬಿ ಕ್ಲಬ್ಬುಗಳಲ್ಲಿ ಇದೆ. ಮುಚ್ಚಿಡಲು ಏನೂ ಇಲ್ಲದವರಿಗೆ ಆ ಮಾತು ಬೇಕಾಗುವುದಿಲ್ಲ, ಅಲ್ವಾ?

ಫುಟ್ಬಾಲಿನವರು ದೇವರಂಥವರು ಎಂದು ನಾನು ಹೇಳುತ್ತಿಲ್ಲ. 1995ರಲ್ಲಿ ಎರಿಕ್ ಕ್ಯಾಂಟೊನಾ ಬೇಲಿ ಹಾರಿ ಪ್ರೇಕ್ಷಕನ ಎದೆಗೆ ಒದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಇಂಗ್ಲೆಂಡಿನ ಟೋನಿ ಆಡಮ್ಸ್ ಕುಡಿದು ಕಾರು ಓಡಿಸಿ 1990ರಲ್ಲಿ ಜೈಲಿಗೇ ಹೋದರು. ಆದರೆ ಅದೇ ಆಡಮ್ಸ್ ಕುಡಿತ ಬಿಟ್ಟು, 2000ದಲ್ಲಿ ಇಂಥ ಚಟಕ್ಕೆ ಬಿದ್ದ ಆಟಗಾರರಿಗೆ ಚಿಕಿತ್ಸೆ ಕೊಡುವ ಸಂಸ್ಥೆ ಕಟ್ಟಿದರು. ಇದನ್ನೂ ಹೇಳಬೇಕಲ್ಲ. 2020ರಲ್ಲಿ ಇಂಗ್ಲೆಂಡ್ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್ ಬಡ ಮಕ್ಕಳ ಶಾಲೆಯ ಊಟಕ್ಕಾಗಿ ಬ್ರಿಟನ್ ಸರ್ಕಾರವನ್ನೇ ಬಗ್ಗಿಸಿದರು. ಆಗ ಅವರಿಗೆ ಬರೀ 22 ವರ್ಷ. ಸೆನೆಗಲ್‌ನ ಸಾಡಿಯೊ ಮಾನೆ ತನ್ನ ಹಳ್ಳಿ ಬಂಬಾಲಿಯಲ್ಲಿ ಆಸ್ಪತ್ರೆ ಕಟ್ಟಿಸಿದರು. ರಗ್ಬಿಯಲ್ಲೂ ಅಂಥವರಿದ್ದಾರೆ. ದಕ್ಷಿಣ ಆಫ್ರಿಕಾದ ನಾಯಕ ಸಿಯಾ ಕೊಲಿಸಿ ಬಡತನದಿಂದ ಬಂದು, ಈಗ ಬಡವರಿಗಾಗಿಯೇ ಒಂದು ಸಂಸ್ಥೆ ನಡೆಸುತ್ತಾರೆ.

ಕೆಟ್ಟ ಹೆಸರು ಒಮ್ಮೆ ಅಂಟಿದರೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ 1989ರಲ್ಲಿ ಆದದ್ದನ್ನು ನೋಡಿ. ಆಟ ನೋಡಲು ಹೋದ ಲಿವರ್‌ಪೂಲ್ ಅಭಿಮಾನಿಗಳು ನೂಕುನುಗ್ಗಲಿನಲ್ಲಿ ಸಿಕ್ಕಿಬಿದ್ದರು. ಒಟ್ಟು 97 ಜನ ಸತ್ತರು. ಕುಡಿದು ಬಂದವರದ್ದೇ ತಪ್ಪು ಎಂದು ಪೊಲೀಸರು ಹೇಳಿದರು, ಜನ ನಂಬಿದರು. ಫುಟ್ಬಾಲಿನವರು ಅಂದರೆ ಹಾಗೇ ಎಂದು ಮೊದಲೇ ತಲೆಯಲ್ಲಿತ್ತು. ಅಭಿಮಾನಿಗಳ ತಪ್ಪೇನೂ ಇರಲಿಲ್ಲ ಎಂದು ತೀರ್ಪು ಬಂದದ್ದು 2016ರಲ್ಲಿ. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮ 27 ವರ್ಷ ಆ ಹೆಸರನ್ನೂ ಹೊತ್ತು ತಿರುಗಿದರು.

ನಮ್ಮ ಕಡೆಯ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್ಬಾಲ್ ಆಟದಲ್ಲೂ ನಾನು ಇದನ್ನೇ ಕಂಡಿದ್ದೇನೆ. ಕೊಯ್ಲು ಮುಗಿದ ಗದ್ದೆಯಲ್ಲಿ ಕಂಗಿನ ಮರದ ಗ್ಯಾಲರಿ ಕಟ್ಟುತ್ತಾರೆ. ಬೈಗುಳ ಶುರುವಾಗುವುದು ಗ್ಯಾಲರಿಯಲ್ಲಿ, ಹೆಸರು ಕೆಡುವುದು ಆಟಗಾರರದ್ದು. ನಾನು ಆಡುತ್ತಿದ್ದಾಗ ಒಂದು ಊರಿನಲ್ಲಿ ಆಟ ಅರ್ಧಕ್ಕೆ ನಿಂತಿತು, ಪ್ರೇಕ್ಷಕರೇ ಒಳಗೆ ನುಗ್ಗಿದ್ದರು. ಮರುದಿನ ಚಹಾದ ಅಂಗಡಿಯಲ್ಲಿ ಕೇಳಿದ್ದು "ಆಟದವರು ಹೊಡೆದುಕೊಂಡರಂತೆ" ಎಂದು. 2024ರಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕೋಡಿನ ಹತ್ತಿರ ಐವರಿ ಕೋಸ್ಟಿನ ಒಬ್ಬ ಆಟಗಾರನನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ಬಣ್ಣ ಹಿಡಿದು ಬೈದರೆಂದು ಅವನು ಪೊಲೀಸರಿಗೆ ದೂರು ಕೊಟ್ಟ. ಮನೆ ಬಿಟ್ಟು ಅಷ್ಟು ದೂರ ಬಂದು ನಮ್ಮ ಗದ್ದೆಗಳಲ್ಲಿ ಆಡುವ ಹುಡುಗರು ಅವರು. ಇದೇ ನಮ್ಮ ಕಾಸರಗೋಡು ಜಿಲ್ಲೆಯ ತ್ರಿಕ್ಕರಿಪುರದಿಂದ ಹೊರಟ ಮೊಹಮ್ಮದ್ ರಾಫಿ ಭಾರತ ತಂಡಕ್ಕೆ ಆಡಿದರು, 2016ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಗೋಲು ಹೊಡೆದರು. ಮಕ್ಕಳಿಗೆ ನಾನು ಆ ಕಥೆ ಹೇಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ರಗ್ಬಿಗೆ ನಾನು ಕೈ ಮುಗಿಯುತ್ತೇನೆ. ದುಬೈಯಲ್ಲಿ ಪ್ರತಿ ವರ್ಷ ಸೆವೆನ್ಸ್ ರಗ್ಬಿ ನಡೆಯುತ್ತದೆ. ಮೊದಲ ಸಲ ಹೋದಾಗ ನೋಡಿದೆ: ಬೆಟ್ಟದಂಥ ಆಳುಗಳು ರೆಫ್ರಿಯ ಎದುರು ತಲೆ ಬಗ್ಗಿಸಿ ನಿಂತಿದ್ದರು. ಮಾತನಾಡುವುದು ನಾಯಕ ಮಾತ್ರ, ಅದೂ ಸರ್ ಎಂದು. ವಾದಕ್ಕೆ ಇಳಿದರೆ ಎದುರು ತಂಡಕ್ಕೆ ಸಿಕ್ಕ ಪೆನಾಲ್ಟಿಯ ಜಾಗ ಹತ್ತು ಮೀಟರ್ ಮುಂದೆ ಹೋಗುತ್ತದೆ, ಇಡೀ ತಂಡಕ್ಕೆ ನಷ್ಟ. ಇದು ಹುಟ್ಟಿನಿಂದ ಬಂದ ಗುಣ ಅಲ್ಲ, ನಿಯಮ ಕಲಿಸಿದ್ದು. 2024ರ ಯೂರೋ ಕಪ್ಪಿನಲ್ಲಿ ಫುಟ್ಬಾಲಿನವರೂ ನಾಯಕ ಮಾತ್ರ ರೆಫ್ರಿಯ ಹತ್ತಿರ ಹೋಗಬೇಕು ಎಂಬ ನಿಯಮ ತಂದಾಗ ನನಗೆ ತುಂಬಾ ಖುಷಿಯಾಯಿತು. ನಮ್ಮ ಗ್ರೌಂಡಿನಲ್ಲಿ ಅದು ಮೊದಲ ದಿನದಿಂದಲೇ ಇದೆ. ಹನ್ನೊಂದು ವರ್ಷದ ಹುಡುಗಿ ಒಬ್ಬಳು ಈಗ ನಾಯಕಿ. ಅವಳು ಕೈ ಹಿಂದೆ ಕಟ್ಟಿ ನನ್ನ ಹತ್ತಿರ ಬಂದು, "ಮಾಷ್ಟ್ರೇ, ಅದು ಆಫ್‌ಸೈಡ್ ಯಾಕೆ?" ಎಂದು ಕೇಳುತ್ತಾಳೆ. ಉಳಿದವರು ಅಲ್ಲೇ ನಿಂತು ಕಾಯುತ್ತಾರೆ.

ಹಾಗಾಗಿ ಯಾವುದಕ್ಕೆ ಹಾಕುವುದು ಎಂದು ಕೇಳುವ ಅಪ್ಪಂದಿರಿಗೆ ನನ್ನ ಉತ್ತರ ಇಷ್ಟೇ: ಅವನಿಗೆ ಯಾವುದು ಇಷ್ಟವೋ ಅದಕ್ಕೆ. ನಾಲ್ಕೂವರೆಗೆ ಶುರು. ನೀರಿನ ಬಾಟ್ಲಿ ಕೊಟ್ಟು ಕಳಿಸಿ. ಬಿಟ್ಟು ಹೋಗಬೇಡಿ, ಆಗುವುದಾದರೆ ನೀವೂ ನಿಂತು ನೋಡಿ. ರೆಫ್ರಿಗೆ ಹೊರಗಿನಿಂದ ಕೂಗಬೇಡಿ, ಅಷ್ಟೇ.