ಒಂದು ನರ, ಮೂರು ಚೀಟಿ
ಕಳೆದ ಆಷಾಢದ ಒಂದು ಸಂಜೆ, ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಕುಳಿತಿದ್ದ ತಂದೆಯವರು ಚಾಮುಂಡಿ ಬೆಟ್ಟದ ದೀಪಗಳೆಲ್ಲ ಪಕ್ಕಪಕ್ಕದಲ್ಲಿ ಎರಡೆರಡಾಗಿ ಕಾಣುತ್ತಿವೆ ಎಂದರು. ಕೈಯಲ್ಲಿದ್ದ ಪತ್ರಿಕೆಯ ಅಕ್ಷರಗಳು ಮಾತ್ರ ಒಂದೊಂದೇ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರೆ ದೀಪಗಳೂ ಒಂದಾಗುತ್ತಿದ್ದವು.

ವಾರದೊಳಗೆ ವೈದ್ಯರ ಮೂರು ಚೀಟಿಗಳು ಸೇರಿದವು. ಒಂದರಲ್ಲಿ ‘ಸಿಕ್ಸ್ತ್ ನರ್ವ್ ಪಾಲ್ಸಿ’, ಇನ್ನೊಂದರಲ್ಲಿ ‘ಅಬ್ಡ್ಯೂಸೆನ್ಸ್’, ಮತ್ತೊಂದರಲ್ಲಿ ‘ಲ್ಯಾಟರಲ್ ರೆಕ್ಟಸ್’ ಎಂದಿತ್ತು. “ಒಂದೇ ಕಣ್ಣಿಗೆ ಮೂರು ಕಾಯಿಲೆಯೇನೋ?” ಎಂದು ಅಮ್ಮ ಗಾಬರಿಯಾದರು.

ಕಾಯಿಲೆ ಒಂದೇ, ಒಂದು ನರ ಸೋತಿತ್ತು; ‘ಪಾಲ್ಸಿ’ ಎಂದರೆ ಆ ಸೋಲೇ. ಮಿದುಳಿನಿಂದ ಹೊರಡುವ 12 ಜೊತೆ ಕಪಾಲ ನರಗಳನ್ನು ಮುಂದಿನಿಂದ ಹಿಂದಕ್ಕೆ ಎಣಿಸಿದರೆ ಈ ನರ ಆರನೆಯದು. ಇಂದಿನ ಈ ಎಣಿಕೆಯನ್ನು 1778ರಲ್ಲಿ ಕೊಟ್ಟವನು ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ಸ್ಯೋಮರಿಂಗ್. ‘ಅಬ್ಡ್ಯೂಸೆನ್ಸ್’ ಎಂಬುದು ದೂರಕ್ಕೆ ಒಯ್ಯುವುದು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು, ಕೆಲವರು ಅದನ್ನೇ ‘ಅಬ್ಡ್ಯೂಸೆಂಟ್’ ಎಂದೂ ಬರೆಯುತ್ತಾರೆ. ಲ್ಯಾಟರಲ್ ರೆಕ್ಟಸ್ ಎಂಬುದಾದರೋ ನರದ ಹೆಸರಲ್ಲ, ಕಣ್ಣುಗುಡ್ಡೆಯನ್ನು ಕಿವಿಯ ಕಡೆಗೆ ಎಳೆಯುವ ಸ್ನಾಯುವಿನದು. ಕಣ್ಣನ್ನು ಹೊರಳಿಸುವ ಆರು ಸ್ನಾಯುಗಳಲ್ಲಿ ಈ ನರದ ಪಾಲಿಗೆ ಬಂದದ್ದು ಅದೊಂದೇ ಆದ್ದರಿಂದ, ವೈದ್ಯರು ಒಮ್ಮೆ ಆಳಿನ ಹೆಸರನ್ನೂ ಒಮ್ಮೆ ಯಜಮಾನನ ಹೆಸರನ್ನೂ ಬರೆದುಬಿಡುತ್ತಾರೆ. ನನಗೆ ಕೇಳಿದರೆ ‘ಆರನೆಯ ನರ’ ಎಂಬುದೇ ಬಾಯಿಗೆ ಸುಲಭ, ಆದರೆ ಕೆಲಸವನ್ನು ತಿಳಿಸುವುದು ಲ್ಯಾಟಿನ್ ಹೆಸರೇ.

ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣುಗಳು ಮೂಗಿನತ್ತ ವಾಲಿರುತ್ತವೆ. ಹೊರಗೆಳೆಯುವ ಸ್ನಾಯುವಿಗೆ ಆಗ ಹೆಚ್ಚು ದುಡಿಮೆಯಿಲ್ಲ. ದೂರದ ಬೆಟ್ಟಕ್ಕೆ ಕಣ್ಣು ಸಮವಾಗಿ ನಿಲ್ಲಬೇಕೆಂದಾಗ ಸೋತ ಎಡಗಣ್ಣು ಒಳಗೇ ಉಳಿದು ದೀಪ ಎರಡಾಗುತ್ತದೆ. ಎಡಕ್ಕೆ ನೋಡುವ ಕಷ್ಟ ತಪ್ಪಿಸಲು ತಂದೆಯವರು ಮುಖವನ್ನೇ ಎಡಕ್ಕೆ ತಿರುಗಿಸಿಕೊಂಡು ಮಾತನಾಡುತ್ತಿದ್ದರು. ಅದನ್ನು ಅಮ್ಮ ಮೊದಲಿಗೆ ಮುನಿಸೆಂದೇ ತಿಳಿದಿದ್ದರು.

ತಲೆಯೊಳಗಿನ ಒತ್ತಡ ಏರಿದಾಗ, ಮೂಲ ತೊಂದರೆ ಬೇರೆಲ್ಲೋ ಇದ್ದರೂ ಈ ನರ ಸೋಲಬಹುದಾದ್ದರಿಂದ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಹಳೆಯ ಸಕ್ಕರೆ ಕಾಯಿಲೆಯಿಂದ ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ಕೆಟ್ಟಿರಬೇಕೆಂದೂ, ಇಂಥದ್ದು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆಂದೂ ವೈದ್ಯರು ಹೇಳಿದರು. ಅಲ್ಲಿಯವರೆಗೆ ಕನ್ನಡಕದ ಎಡಗಾಜಿಗೆ ಬಿಳಿ ಟೇಪು ಅಂಟಿಸಿಕೊಟ್ಟರು.

ನಾಲ್ಕನೆಯ ತಿಂಗಳಲ್ಲಿ ಟೇಪು ಕಿತ್ತೆವು. ತಂದೆಯವರು ಈಗಲೂ ಸಂಜೆ ತಾರಸಿಗೆ ಹೋಗಿ ಬೆಟ್ಟದ ದೀಪಗಳನ್ನು ಎಣಿಸುತ್ತಾರೆ. ಅಮ್ಮ ಮೂರೂ ಚೀಟಿಗಳನ್ನು ಒಂದೇ ಪಿನ್ನಿಗೆ ಚುಚ್ಚಿ ಬೀರುವಿನಲ್ಲಿ ಇಟ್ಟಿದ್ದಾರೆ.